ಮೊಣಕಾಲೂರಿದವರೂ ಮೂಗು ಮುರಿದವರೂ



ಮೊಣಕಾಲೂರುವುದು ನಮ್ಮ ಜನಕ್ಕೆ ಹೊಸದಲ್ಲ. ಬಲಿಪೂಜೆಯಲ್ಲಿ ಮೊಣಕಾಲೂರುತ್ತೇವೆ, ಪಾಪನಿವೇದನೆಯಲ್ಲಿ ಮೊಣಕಾಲೂರುತ್ತೇವೆ. ಸಂಜೆ ಮನೆಯಲ್ಲಿ ಜಪಸರ ಹೇಳುವಾಗ ಅಜ್ಜಿಯ ಪಕ್ಕದಲ್ಲಿ ಮೊಣಕಾಲೂರಿಯೇ ನಮ್ಮ ಮಕ್ಕಳು ಪ್ರಾರ್ಥನೆ ಕಲಿಯುತ್ತಾರೆ. ಪವಿತ್ರ ಗುರುವಾರದಂದು ಗುರುಗಳು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಹನ್ನೆರಡು ಮಂದಿಯ ಪಾದ ತೊಳೆಯುವುದನ್ನು ವರ್ಷವರ್ಷವೂ ನೋಡುತ್ತೇವೆ. ಇಂಥದೇ ಒಂದು ಸಂಜ್ಞೆ ಆಟದ ಮೈದಾನಕ್ಕೆ ಬಂದಾಗ ಮಾತ್ರ ಅಭಿಮಾನಿಗಳು ಎರಡು ಪಂಗಡವಾದರು. ಒಂದು ಪಂಗಡ ಎದ್ದು ನಿಂತು ಚಪ್ಪಾಳೆ ತಟ್ಟಿತು, ಇನ್ನೊಂದು ಹೀಯಾಳಿಸಿ ಕೂಗಿತು. ದೂರದ ಇಂಗ್ಲೆಂಡಿನ ಈ ಜಗಳಕ್ಕೂ ಕಪಿಲಾ ತೀರದ ನಮಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇದೆ. ಅದನ್ನು ಚರಿತ್ರೆಯ ದಾರಿಯಲ್ಲೇ ನೋಡೋಣ.

ಸಂಜ್ಞೆ ಹುಟ್ಟಿದ ಬಗೆ

2016ರಲ್ಲಿ ಅಮೆರಿಕದ ಕಾಲಿನ್ ಕೆಪರ್ನಿಕ್ ಎಂಬ ಆಟಗಾರ, ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯವನ್ನು ಪ್ರತಿಭಟಿಸಿ, ರಾಷ್ಟ್ರಗೀತೆಯ ವೇಳೆ ಏಳದೆ ಕುಳಿತ. ಇದು ಯೋಧರಿಗೆ ಅವಮಾನ ಎಂದು ಅನೇಕರು ಸಿಟ್ಟಾದರು. ಆಗ ಮಾಜಿ ಯೋಧರೊಬ್ಬರು ಅವನ ಜೊತೆ ಕುಳಿತು ಮಾತಾಡಿದರು. ಮಡಿದ ಸಂಗಾತಿಯ ಸಮಾಧಿಯ ಮುಂದೆ ಸೈನಿಕರು ಮೊಣಕಾಲೂರುತ್ತಾರೆ, ಕೂರುವ ಬದಲು ಹಾಗೆ ಮಾಡು ಎಂದು ಸಲಹೆ ಕೊಟ್ಟರು. ಅವನು ಒಪ್ಪಿದ. ಹೀಗೆ ಗೌರವಕ್ಕೆಂದೇ ಆರಿಸಿಕೊಂಡ ಸಂಜ್ಞೆ ಅದು.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಪ್ರಾಣ ತೆಗೆದ. ಅದೇ ವರ್ಷದ ಜೂನ್ 17ರಂದು, ಕೊರೋನಾ ಬಿಡುವಿನ ನಂತರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಮತ್ತೆ ಶುರುವಾದಾಗ, ಎರಡೂ ತಂಡಗಳ ಆಟಗಾರರು ಆಟಕ್ಕೆ ಮುನ್ನ ಒಂದು ಮೊಣಕಾಲೂರಿದರು. ಗ್ಯಾಲರಿಗಳು ಖಾಲಿ ಇದ್ದವು. ಅಲ್ಲಿಂದ ವಿರೋಧದ ಕೂಗು ಕೇಳಿಬರಲಿಲ್ಲ.

ಜನ ಗ್ಯಾಲರಿಗೆ ಮರಳಿದ ಮೇಲೆ ಭಿನ್ನಾಭಿಪ್ರಾಯ ಹೊರಬಿತ್ತು. 2020ರ ಡಿಸೆಂಬರ್ 5ರಂದು ಲಂಡನ್ನಿನ ಮಿಲ್‌ವಾಲ್ ತಂಡದ ಅಭಿಮಾನಿಗಳಲ್ಲಿ ಕೆಲವರು ಮೊಣಕಾಲೂರಿದ ಸ್ವಂತ ಆಟಗಾರರನ್ನೇ ಹೀಯಾಳಿಸಿದರು. 2021ರ ಜೂನ್‌ನಲ್ಲಿ ಮಿಡಲ್ಸ್‌ಬರೋ ನಗರದಲ್ಲಿ ಇಂಗ್ಲೆಂಡ್ ತಂಡಕ್ಕೂ ಇದೇ ಆಯಿತು. ವಿರೋಧಿಸಿದವರೆಲ್ಲರ ಮನಸ್ಸು ಒಂದೇ ಆಗಿರಲಿಲ್ಲ ಎನ್ನುವುದನ್ನು ನ್ಯಾಯವಾಗಿ ಒಪ್ಪಬೇಕು. ಕೆಲವರಲ್ಲಿ ಶುದ್ಧ ದ್ವೇಷವಿತ್ತು. ಕೆಲವರು, ಆಟದೊಳಗೆ ರಾಜಕೀಯ ಬೇಡ ಎಂದರು. ಇನ್ನು ಕೆಲವರದು ಬೇರೆಯೇ ಸಂಕಟ. ಕಾರ್ಖಾನೆಗಳು ಮುಚ್ಚಿ ಹೋದ ಊರುಗಳಲ್ಲಿ, ತಾವು ಹುಟ್ಟಿ ಬೆಳೆದ ಬೀದಿಗೆ ಬೇರೆ ಭಾಷೆಯ, ಬೇರೆ ಬಣ್ಣದ ಜನ ಬಂದು ನೆಲೆಸಿದ್ದರು. ನಮ್ಮ ಕಷ್ಟ ಕೇಳುವವರಿಲ್ಲ, ಪಾಠ ಹೇಳುವವರು ಮಾತ್ರ ಇದ್ದಾರೆ ಎಂಬ ಕಹಿ ಅವರಲ್ಲಿತ್ತು. ಆ ಕಹಿ ನಿಜ. ಆದರೆ ಅದನ್ನು ಉಗುಳಿದ್ದು ತಪ್ಪು ಜಾಗದಲ್ಲಿ, ವಲಸೆ ಬಂದವರ ಮಕ್ಕಳ ಮುಖದ ಮೇಲೆ.

ವಿಚಿತ್ರವೆಂದರೆ, ಮೊಣಕಾಲೂರಲು ಮೊದಲು ಒಲ್ಲೆನೆಂದವರಲ್ಲಿ ಕಪ್ಪು ಆಟಗಾರರೂ ಇದ್ದರು. ಕ್ರಿಸ್ಟಲ್ ಪ್ಯಾಲೇಸ್ ತಂಡದ ವಿಲ್ಫ್ರೆಡ್ ಝಾಹಾ 2021ರ ಮಾರ್ಚ್‌ನಿಂದ ನಿಂತೇ ಇದ್ದರು. ಪ್ರತಿ ಪಂದ್ಯಕ್ಕೆ ಮೊದಲು ಮೊಣಕಾಲೂರುತ್ತೇವೆ, ಆಟ ಮುಗಿದ ಮೇಲೆ ನಮ್ಮನ್ನು ಬಯ್ಯುವುದು ನಿಂತಿಲ್ಲ, ಇದು ಬರೀ ರೂಢಿಯಾಗಿದೆ ಎಂಬುದು ಅವರ ವಾದ. ಅದೇ ಜುಲೈ 11ರಂದು ಯೂರೋ ಕಪ್ ಅಂತಿಮ ಪಂದ್ಯದಲ್ಲಿ ರಾಶ್‌ಫರ್ಡ್, ಸಾಂಚೊ, ಸಾಕಾ ಎಂಬ ಮೂವರು ಯುವಕರು ಪೆನಾಲ್ಟಿ ತಪ್ಪಿಸಿದರು. ಆ ರಾತ್ರಿಯೇ ಅವರ ಮೇಲೆ ಜನಾಂಗ ನಿಂದನೆಯ ಮಳೆ ಸುರಿಯಿತು. ಮ್ಯಾಂಚೆಸ್ಟರಿನ ವಿದಿಂಗ್ಟನ್ ಬಡಾವಣೆಯಲ್ಲಿ ಗೋಡೆಯ ಮೇಲಿದ್ದ ರಾಶ್‌ಫರ್ಡ್ ಚಿತ್ರವನ್ನು ಯಾರೋ ಕೆಡಿಸಿದರು. ಮರುದಿನ ಆ ಬಡಾವಣೆಯ ಮಕ್ಕಳು, ತಾಯಂದಿರು ಬಂದು ಆ ಗೋಡೆಯ ತುಂಬ ಪ್ರೀತಿಯ ಚೀಟಿ ಅಂಟಿಸಿದರು. ಕೂಗಿದ್ದೂ ಅದೇ ನಾಡಿನ ಜನ, ಚೀಟಿ ಅಂಟಿಸಿದ್ದೂ ಅದೇ ನಾಡಿನ ಜನ.

ನಮ್ಮವರ ಸರದಿ

2021ರ ಜನವರಿಯಲ್ಲಿ ಸಿಡ್ನಿ ಮೈದಾನದಲ್ಲಿ ನಮ್ಮ ಬೌಲರ್ ಮೊಹಮ್ಮದ್ ಸಿರಾಜ್ ಅವರನ್ನು ಪ್ರೇಕ್ಷಕರು ನಿಂದಿಸಿದರು. ಆಟೋ ಓಡಿಸಿ ಮಗನನ್ನು ಬೆಳೆಸಿದ ತಂದೆ ತೀರಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು. ಅವರು ಅಂಪೈರಿಗೆ ದೂರು ಕೊಟ್ಟರು, ಆಟ ಕೆಲವು ನಿಮಿಷ ನಿಂತಿತು. ನಿಂದನೆ ನಡೆದದ್ದು ನಿಜವೆಂದು ಆ ದೇಶದ ಕ್ರಿಕೆಟ್ ಮಂಡಳಿಯೇ ಮುಂದೆ ಒಪ್ಪಿಕೊಂಡಿತು. ಆಟ ನಿಲ್ಲಿಸಿದ್ದು ತಪ್ಪು, ಆಟದಲ್ಲಿ ರಾಜಕೀಯ ತಂದರು ಎಂದು ಆಗ ನಮ್ಮ ಟೀ ಅಂಗಡಿಗಳಲ್ಲಿ ಯಾರೂ ಹೇಳಲಿಲ್ಲ.

ಅದೇ ವರ್ಷ ಅಕ್ಟೋಬರ್ 24ರಂದು ದುಬೈನಲ್ಲಿ ವಿಶ್ವಕಪ್ ಪಂದ್ಯಕ್ಕೆ ಮುನ್ನ ಭಾರತ ತಂಡ ಮೊಣಕಾಲೂರಿತು. ಕರ್ನಾಟಕದ ಕೆ.ಎಲ್. ರಾಹುಲ್ ಕೂಡ ಆ ತಂಡದಲ್ಲಿದ್ದರು. ಪಾಕಿಸ್ತಾನದ ಆಟಗಾರರು ಎದೆಯ ಮೇಲೆ ಕೈಯಿಟ್ಟು ನಿಂತರು. ನಮ್ಮಲ್ಲಿ ಕೂಡಲೇ ಚರ್ಚೆ ಎದ್ದಿತು. ಅಮೆರಿಕದವರಿಗಾಗಿ ನಾವೇಕೆ ಬಾಗಬೇಕು ಎಂದರು ಕೆಲವರು. ಅಲ್ಲಿಯ ಅನ್ಯಾಯಕ್ಕೆ ಬಾಗುವವರು ಇಲ್ಲಿಯ ಅನ್ಯಾಯಕ್ಕೆ ಏಕೆ ಬಾಗುವುದಿಲ್ಲ ಎಂದರು ಇನ್ನು ಕೆಲವರು. ಆ ಪಂದ್ಯವನ್ನು ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅದರ ಬೆನ್ನಲ್ಲೇ ಮೊಹಮ್ಮದ್ ಶಮಿ ಅವರ ಧರ್ಮ ಹಿಡಿದು ಬಯ್ಯುವವರು ಹುಟ್ಟಿಕೊಂಡರು. ನಾಯಕ ವಿರಾಟ್ ಕೊಹ್ಲಿ ಕೆಲವು ದಿನಗಳ ನಂತರ ಶಮಿ ಪರವಾಗಿ ಬಹಿರಂಗವಾಗಿ ಮಾತಾಡಿದರು. ಮೊಣಕಾಲೂರಿದ್ದಕ್ಕಿಂತ ಆ ಮಾತಿಗೆ ಹೆಚ್ಚು ಧೈರ್ಯ ಬೇಕಿತ್ತು.

ಎರಡು ದಿನ ಕಳೆದು ಅದೇ ದುಬೈನಲ್ಲಿ ದಕ್ಷಿಣ ಆಫ್ರಿಕಾದ ಕ್ವಿಂಟನ್ ಡಿಕಾಕ್ ಆಡುವುದಿಲ್ಲವೆಂದು ಹಿಂದೆ ಸರಿದರು. ಎಲ್ಲರೂ ಮೊಣಕಾಲೂರಲೇಬೇಕೆಂದು ಮಂಡಳಿ ಬೆಳಿಗ್ಗೆ ಆಜ್ಞೆ ಮಾಡಿತ್ತು. ಆಮೇಲೆ ಅವರು ಕ್ಷಮೆ ಕೇಳಿ, ತಮ್ಮ ಕುಟುಂಬದಲ್ಲೇ ಬೇರೆ ಬೇರೆ ಬಣ್ಣದವರಿದ್ದಾರೆ, ಬಲವಂತ ತಮಗೆ ನೋವು ತಂದಿತು ಎಂದು ವಿವರಿಸಿ, ಮುಂದೆ ಮೊಣಕಾಲೂರಿದರು. ಆಜ್ಞೆಯಿಂದ ಮೈ ಬಾಗಿಸಬಹುದು, ಮನಸ್ಸನ್ನು ಬಾಗಿಸಲಾಗದು.

ಇಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪೆಟ್ಟು ನಮಗೆ ಬಿದ್ದಾಗ ಲೋಕವೆಲ್ಲ ನಮ್ಮ ಪರ ನಿಲ್ಲಬೇಕು ಎನ್ನುತ್ತೇವೆ. ಪೆಟ್ಟು ಇನ್ನೊಬ್ಬರಿಗೆ ಬಿದ್ದಾಗ, ಅವರ ಪರ ನಿಂತವರನ್ನು ನಾಟಕದವರು ಎನ್ನುತ್ತೇವೆ.

ಮಣ್ಣಿನ ಕುಡಿಕೆ

ಈ ನೆಲದಲ್ಲಿ ಮೈಯ ಸಂಜ್ಞೆಗಳಿಗೆ ಬೆಲೆ ಇಲ್ಲ ಎನ್ನುವಂತೆಯೇ ಇಲ್ಲ. ಅಸ್ಪೃಶ್ಯತೆ ನಡೆದದ್ದೇ ಸಂಜ್ಞೆಗಳಿಂದ. ಮೇಲುಬೀದಿಗೆ ಬಂದಾಗ ಕಾಲಿನ ಚಪ್ಪಲಿ ಕೈಗೆ ಬರಬೇಕು, ಹೆಗಲ ವಸ್ತ್ರ ಇಳಿಯಬೇಕು, ಹೋಟೆಲಿನಲ್ಲಿ ಬೇರೆ ಲೋಟ, ಅದನ್ನು ತಾನೇ ತೊಳೆದಿಡಬೇಕು. ನಮ್ಮ ಹಿರಿಯರಲ್ಲಿ ಇದನ್ನು ಕಂಡವರಿದ್ದಾರೆ, ಅನುಭವಿಸಿದವರೂ ಇದ್ದಾರೆ.

1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಅವರ ಕಥೆ ಪ್ರತಿ ಮನೆಯ ಮಕ್ಕಳಿಗೂ ತಿಳಿದಿರಬೇಕು. ಅವರದು ಚರ್ಮದ ಕೆಲಸದ ಸಮುದಾಯ. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸದಲ್ಲಿದ್ದು, ಆಂಗ್ಲ ಅಧಿಕಾರಿಗಳಿಗೆ ನೆಟ್ಸ್‌ನಲ್ಲಿ ಚೆಂಡು ಹಾಕುತ್ತಾ ದೊಡ್ಡ ಬೌಲರ್ ಆದರು. ಗೆಲ್ಲುವ ಆಸೆಗೆ ಹಿಂದೂ ತಂಡದವರು ಅವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಯಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಪಡೆದರೂ ಅವರಿಗೆ ಹಿಂದೂ ತಂಡದ ನಾಯಕತ್ವ ಸಿಗಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಂ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಗುಳಿದರು. ಆಟದ ಮೈದಾನದಲ್ಲಿ ಸಮಾನತೆಗಾಗಿ ನಮ್ಮವರು ತೋರಿದ ಸಂಜ್ಞೆ ಇದು, ಅಮೆರಿಕದ ಮೊಣಕಾಲಿಗಿಂತ ಸುಮಾರು ನೂರು ವರ್ಷ ಹಿಂದಿನದು. 1923ರಲ್ಲಿ ವಿಠ್ಠಲ್ ನಾಯಕರಾದರು.

ಬದನವಾಳಿನ ದಾರಿ

ಇನ್ನು ನಮ್ಮ ನಂಜನಗೂಡು ತಾಲ್ಲೂಕಿಗೇ ಬರೋಣ. ಬದನವಾಳು ಎಂದರೆ ಗಾಂಧೀಜಿ ಭೇಟಿಯಿತ್ತ ಖಾದಿ ಕೇಂದ್ರದ ಊರು. ಹಲವು ಜಾತಿಯ ಹೆಣ್ಣುಮಕ್ಕಳು ನೂಲು ತೆಗೆದ ಊರು. ಅಂಥ ಊರಿನಲ್ಲಿ 1993ರ ಮಾರ್ಚ್‌ನಲ್ಲಿ ದೇವಸ್ಥಾನ ಪ್ರವೇಶದ ವಿವಾದ ಬೆಳೆದು ಮೂವರು ದಲಿತರ ಕೊಲೆಯಾಯಿತು. ಲಿಂಗಾಯತರ ಬೀದಿಗೂ ದಲಿತರ ಬೀದಿಗೂ ನಡುವಿನ ದಾರಿ ಬಳಕೆ ತಪ್ಪಿತು. ಒಂದು ತಲೆಮಾರು ಹಾಗೆಯೇ ಬೆಳೆಯಿತು.

2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆ ಆ ಊರಿಗೆ ಬಂದಾಗ ರಾಹುಲ್ ಗಾಂಧಿಯವರ ಜೊತೆ ಎರಡೂ ಸಮುದಾಯದವರು ಒಟ್ಟಿಗೆ ಊಟಕ್ಕೆ ಕುಳಿತರು, ಆ ದಾರಿಯನ್ನು ಮತ್ತೆ ತೆರೆಯಲಾಯಿತು. ರಾಜಕಾರಣಿ ಬಂದು ಹೋಗುವ ಒಂದು ದಿನದ ಊಟದಿಂದ ಏನಾದೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಕ್ಷ ಯಾವುದೇ ಇರಲಿ, ಆ ಪ್ರಶ್ನೆಗೆ ಉತ್ತರ ಯಾತ್ರೆಯ ದಿನ ಸಿಗುವುದಿಲ್ಲ. ಮರುದಿನ ಆ ದಾರಿಯಲ್ಲಿ ಯಾರು ನಡೆದರು, ಮಕ್ಕಳು ಯಾರ ಜೊತೆ ಶಾಲೆಗೆ ಹೋದರು ಎಂಬುದರಲ್ಲಿ ಸಿಗುತ್ತದೆ. ಅಷ್ಟಾದರೂ, ದಾರಿ ತೆರೆಯದೆ ನಡೆಯುವುದು ಹೇಗೆ? ಸಂಜ್ಞೆ ಬಾಗಿಲು ತೆರೆಯುತ್ತದೆ. ಒಳಗೆ ಕಾಲಿಡಬೇಕಾದವರು ಊರಿನವರು.

ಬದಲಾಗುತ್ತಿರುವ ಊರು

ಇಂದು ನಂಜನಗೂಡಿನ ಕಾರ್ಖಾನೆಗಳಿಗೆ ಬಿಹಾರ, ಒಡಿಶಾ, ಅಸ್ಸಾಂ ಕಡೆಯ ಯುವಕರು ದುಡಿಯಲು ಬಂದಿದ್ದಾರೆ. ನಮ್ಮದೇ ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನವರು ನೆಲೆಸಿದ್ದಾರೆ. ಅವರ ಫುಟ್‌ಬಾಲ್ ಪಂದ್ಯಾವಳಿಯೂ ಅಲ್ಲಿ ನಡೆದಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರಲ್ಲಿ ಅನೇಕರು ಕಥೋಲಿಕರು, ಕನ್ನಡ ಆಡುವವರು. ಆದರೂ ಬಸ್ಸಿನಲ್ಲಿ ಅವರನ್ನು ಕಂಡರೆ ಯಾವ ದೇಶದವರು ಎಂದು ಕೇಳುವವರಿದ್ದಾರೆ.

2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದ್ದು ನಮಗೆ ನೆನಪಿದೆ. 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಪಂದ್ಯದಲ್ಲಿ ಮೇಘಾಲಯದ ಆಟಗಾರನ ಎದುರು ಬೆಂಗಳೂರು ತಂಡದ ಆಟಗಾರನೊಬ್ಬ ಮೂಗು ಹಿಡಿಯುವ ಸನ್ನೆ ಮಾಡಿದನೆಂದು ಕೇರಳ ಬ್ಲಾಸ್ಟರ್ಸ್ ತಂಡ ದೂರಿತು. ಇಂಥ ದೂರು ಬಂದಾಗ ಅಭಿಮಾನಿ ಮೊದಲು ನೋಡುವುದು ಅಂಗಿಯ ಬಣ್ಣವನ್ನು. ನಮ್ಮ ತಂಡದವನಾದರೆ ಸುಳ್ಳು, ಎದುರಾಳಿಯಾದರೆ ಸತ್ಯ. ನೊಂದವನ ಮಾತನ್ನು ಮೊದಲು ಕೇಳಿಸಿಕೊಳ್ಳುವುದೇ ನಿಜವಾದ ಪರೀಕ್ಷೆ.

ನಮ್ಮ ಮನೆಯೊಳಗೆ

ಧರ್ಮಸಭೆಯೂ ಈ ಪರೀಕ್ಷೆಯಲ್ಲಿ ಸದಾ ತೇರ್ಗಡೆಯಾಗಿಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ದೇವಾಲಯದಲ್ಲಿ ಜಾತಿ ಜಾತಿಯನ್ನು ಬೇರೆ ಕೂರಿಸಲು ಕಟ್ಟಿದ್ದ ಗೋಡೆಯನ್ನು ಗುರುಗಳು ಒಡೆಸಿದ್ದು 1910ರಲ್ಲಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಪ್ರಕಟಿಸಿದ ನೀತಿಪತ್ರದಲ್ಲಿ ನಮ್ಮೊಳಗೂ ಅಸ್ಪೃಶ್ಯತೆ ಉಳಿದಿದೆ ಎಂದು ಒಪ್ಪಿಕೊಂಡಿತು. ಜಗದ್ಗುರು ಫ್ರಾನ್ಸಿಸ್ 2013ರ ಪವಿತ್ರ ಗುರುವಾರ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಹೆಣ್ಣುಮಕ್ಕಳದೂ ಮುಸ್ಲಿಮರದೂ ಪಾದ ತೊಳೆದಾಗ ಮೂಗು ಮುರಿದ ವಿಶ್ವಾಸಿಗಳೂ ಇದ್ದರು. ಅಚ್ಚರಿ ಬೇಡ. ಕೊನೆಯ ಭೋಜನದಲ್ಲಿ ಯೇಸುಸ್ವಾಮಿ ಪಾದದ ಬಳಿ ಬಾಗಿದಾಗ ಮೊದಲು ಬೇಡವೆಂದವರು ಸಂತ ಪೇತ್ರರೇ. ಸ್ವಾಮಿ ಅವರನ್ನು ಗದರಿಸಿ ಹೊರಗಟ್ಟಲಿಲ್ಲ, ಬಿಟ್ಟು ಮುಂದೆಯೂ ಹೋಗಲಿಲ್ಲ. ವಿವರಿಸಿದರು, ತೊಳೆದರು, ನೀವೂ ಹೀಗೆ ಮಾಡಿ ಎಂದು ಕೆಲಸ ಹಚ್ಚಿದರು.

2022ರಲ್ಲಿ ಇಂಗ್ಲೆಂಡಿನ ತಂಡಗಳ ನಾಯಕರು ಪ್ರತಿ ಪಂದ್ಯದಲ್ಲೂ ಮೊಣಕಾಲೂರುವುದನ್ನು ಕೈಬಿಟ್ಟು, ಆಯ್ದ ದಿನಗಳಿಗೆ ಸೀಮಿತಗೊಳಿಸಿದರು. 2025ರ ಜುಲೈನಲ್ಲಿ ಇಂಗ್ಲೆಂಡಿನ ಮಹಿಳಾ ತಂಡ, ತಮ್ಮ ಸಂಗಾತಿ ಜೆಸ್ ಕಾರ್ಟರ್ ಅವರ ಮೇಲೆ ನಿಂದನೆ ನಡೆದಾಗ, ಈ ಸಂಜ್ಞೆ ಇನ್ನು ಸಾಲದು ಎಂದು ಮೊಣಕಾಲೂರದೆ ನಿಂತಿತು. ಸಂಜ್ಞೆಗೆ ಆಯುಸ್ಸಿದೆ. ಸವೆದಾಗ ಬದಲಿಸಬಹುದು. ಅದರ ಹಿಂದಿನ ಕೆಲಸಕ್ಕೆ ನಿವೃತ್ತಿ ಇಲ್ಲ.

ತಿರುಮಕೂಡಲಿನಲ್ಲಿ ಕಪಿಲೆಯೂ ಕಾವೇರಿಯೂ ಕೂಡಿದ ಮೇಲೆ ಯಾವ ಬೊಗಸೆಯಲ್ಲಿ ಯಾವ ನದಿಯ ನೀರಿದೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಧರ್ಮಕೇಂದ್ರದ ಹಬ್ಬಗಳೂ ಹಾಗಾಗಲಿ. ಈ ಸಲದ ಹಬ್ಬದಲ್ಲಿ ತೇರಿಗೆ ಹೆಗಲು ಕೊಡುವವರು ಯಾರು, ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಸಂಜೆಯ ಪಂದ್ಯಕ್ಕೆ ಕಾರ್ಖಾನೆಯ ಅಸ್ಸಾಂ ಹುಡುಗನನ್ನು ನಮ್ಮ ಹುಡುಗರು ಕರೆಯುತ್ತಾರೆಯೇ ಎಂದು ಪ್ರತಿ ಕುಟುಂಬವೂ ನೋಡಿಕೊಳ್ಳಲಿ. ಪಾದ ತೊಳೆಯಿಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ಹೊಸದಾಗಿ ಊರಿಗೆ ಬಂದವರೊಬ್ಬರು ಇರಲಿ. ಹಾಗೆ ಕರೆದಾಗ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರು. ಅವರ ಜೊತೆಯೂ ಕುಳಿತು ಮಾತಾಡೋಣ. ಅವರೂ ನಮ್ಮವರೇ.