ಮನೆಯಲ್ಲೇ ಕಟ್ಟಿದ ವಿಮಾನ: ‘ಆಕಾಶದ ಹೇನು’ ಹಾರಿದ್ದು, ಬಿದ್ದದ್ದು

ಮರಗೆಲಸ ಬಂದರೆ ಸಾಕು, ಮನೆಯಲ್ಲೇ ವಿಮಾನ ಕಟ್ಟಬಹುದು ಎಂದರೆ ನಂಬುತ್ತೀರಾ? ಫ್ರಾನ್ಸಿನ ಆನ್ರಿ ಮಿನ್ಯೆ 1934ರಲ್ಲಿ ಹೀಗೆಂದು ಒಂದು ಪುಸ್ತಕವನ್ನೇ ಬರೆದ. ಅಳತೆ, ನಕ್ಷೆ ಎಲ್ಲ ಅದರಲ್ಲಿತ್ತು. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ತಾನೇ ಕಟ್ಟಿ ಹಾರಿಸಿದ್ದ ಒಂಟಿ ಸೀಟಿನ ವಿಮಾನ ಅದು. ಹೆಸರು ‘ಪೂ ದ್ಯು ಸಿಯೆಲ್’, ಅಂದರೆ ಆಕಾಶದ ಹೇನು. ಇಂಗ್ಲಿಷರು ಅದನ್ನು ಹಾರುವ ಚಿಗಟ ಎಂದು ಕರೆದರು. ಹೇನೋ ಚಿಗಟವೋ, ಜನರಿಗಂತೂ ಹತ್ತಿಕೊಂಡಿತು.

ಪ್ಲೈವುಡ್, ಬಟ್ಟೆ, ಮೋಟರ್‌ಸೈಕಲ್ ಗಾತ್ರದ ಎಂಜಿನ್. ಖಾಲಿ ವಿಮಾನದ ತೂಕ ಸುಮಾರು 100 ಕೆಜಿ. ಕಾಲಿನ ಪೆಡಲ್ ಇಲ್ಲ, ಕೈಯಲ್ಲೊಂದು ಕೋಲು ಅಷ್ಟೇ. ಕೋಲನ್ನು ಪಕ್ಕಕ್ಕೆ ತಳ್ಳಿದರೆ ವಿಮಾನ ತಿರುಗುತ್ತದೆ. ಹಿಂದಕ್ಕೆ ಎಳೆದರೆ ಮುಂದಿನ ರೆಕ್ಕೆ ಪೂರ್ತಿ ಓರೆಯಾಗಿ ಮೂತಿ ಮೇಲೇಳುತ್ತದೆ. ಅದರ ಬೆನ್ನಿಗೇ ಇನ್ನೊಂದು ರೆಕ್ಕೆ, ಅದು ಅಲುಗುವುದಿಲ್ಲ. ವಿಮಾನ ದೊಡ್ಡವರ ಸೊತ್ತಾಗಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1935ರ ಆಗಸ್ಟಿನಲ್ಲಿ ಮಿನ್ಯೆ ಸ್ವತಃ ಇಂಗ್ಲಿಷ್ ಕಾಲುವೆ ದಾಟಿ ಬ್ರಿಟನ್ನಿಗೆ ಬಂದಿಳಿದ. ಅದೇ ವರ್ಷ ಪುಸ್ತಕ ಇಂಗ್ಲಿಷಿಗೂ ಬಂತು. ಗ್ಯಾರೇಜು, ಶೆಡ್ಡುಗಳಲ್ಲಿ ಗರಗಸದ ಸದ್ದು ಶುರುವಾಯಿತು.

ಆಮೇಲೆ ಸಾವುಗಳು. ಒಂದಾದ ಮೇಲೊಂದು ವಿಮಾನ ಮೂತಿ ಕೆಳಗಾಗಿ ನೆಲಕ್ಕೆ ಬಡಿಯಿತು. ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಬರುವುದು ಕಟ್ಟಿದವನ ಮೇಲೆ: ಅಂಟು ಸರಿಯಿರಲಿಲ್ಲವೇನೋ, ಹಾರಿಸಲು ಬರಲಿಲ್ಲವೇನೋ. ಆದರೆ ಫ್ರಾನ್ಸಿನಲ್ಲೂ ಬ್ರಿಟನ್ನಿನ ಫಾರ್ನ್‌ಬರೋದಲ್ಲೂ ವಿಮಾನವನ್ನು ದೊಡ್ಡ ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಮೂತಿ ಸುಮಾರು 15 ಡಿಗ್ರಿಗಿಂತ ಹೆಚ್ಚು ಕೆಳಗೆ ಬಾಗಿದರೆ ಕೋಲು ಎಳೆದರೂ ಮೇಲೇಳುವುದಿಲ್ಲ. ಕೋಲು ಎಳೆದಂತೆ ಮುಂದಿನ ರೆಕ್ಕೆಯ ಹಿಂಬದಿ ಕೆಳಗಿಳಿದು ಎರಡು ರೆಕ್ಕೆಗಳ ನಡುವಿನ ಸಂದು ಕಿರಿದಾಗುತ್ತದೆ. ಅಲ್ಲಿ ಗಾಳಿ ರಭಸದಿಂದ ನುಗ್ಗಿ ಹಿಂದಿನ ರೆಕ್ಕೆಯನ್ನು ಎತ್ತುತ್ತದೆ. ಬಾಲ ಎದ್ದರೆ ಮೂತಿ ಇನ್ನೂ ಕೆಳಗೆ. ಅಂದರೆ ಜೀವ ಉಳಿಸಿಕೊಳ್ಳಲು ಪೈಲಟ್ ಮಾಡಬೇಕಾದ ಕೆಲಸವೇ ಅವನನ್ನು ಕೆಡವುತ್ತಿತ್ತು.

ಎಷ್ಟೇ ಅಚ್ಚುಕಟ್ಟಾಗಿ ಮೊಳೆ ಹೊಡೆದಿದ್ದರೂ ಉಪಯೋಗವಿರಲಿಲ್ಲ. ತಪ್ಪಿದ್ದದ್ದು ನಕ್ಷೆಯಲ್ಲಿ, ಪುಸ್ತಕ ನೋಡಿ ಕಟ್ಟಿದ ಬಡಪಾಯಿಗೆ ಅದು ತಿಳಿಯುವುದಾದರೂ ಹೇಗೆ? ಮಿನ್ಯೆ ಮೋಸಗಾರನಲ್ಲ, ತಾನೂ ಅದರಲ್ಲೇ ಹಾರಿದವನು. ಆದರೆ ಒಬ್ಬನ ಅದೃಷ್ಟ ಸಾವಿರಾರು ಜನರಿಗೆ ಪರೀಕ್ಷೆಯಾಗುವುದಿಲ್ಲ. ಬ್ರಿಟನ್ 1936ರಿಂದ ಹೊಸ ಅನುಮತಿ ಕೊಡುವುದನ್ನು ನಿಲ್ಲಿಸಿತು. ಮಿನ್ಯೆ ರೆಕ್ಕೆಗಳ ಜೋಡಣೆ ಬದಲಿಸಿ, 1965ರಲ್ಲಿ ಸಾಯುವವರೆಗೂ ಹೊಸ ಮಾದರಿಗಳನ್ನು ರೂಪಿಸುತ್ತಲೇ ಇದ್ದ. ತಿದ್ದಿದ ಹೇನುಗಳನ್ನು ಫ್ರಾನ್ಸಿನ ಹವ್ಯಾಸಿಗಳು ಈಗಲೂ ಕಟ್ಟಿ ಹಾರಿಸುತ್ತಾರೆ.