ಪೆನ್ನಿನ ಮೇಲಿನ ಸಿಟ್ಟು

ಎರಡು ವರ್ಷದ ಹಿಂದೆ ಟೀಮ್ ಔಟಿಂಗ್‌ಗೆ ಹೋದಾಗ ನಮ್ಮೆಲ್ಲರ ಕೈಲೂ ಎನಿಯಾಗ್ರಾಮ್ ಟೆಸ್ಟ್ ಮಾಡಿಸಿದರು. ಮನುಷ್ಯರ ಸ್ವಭಾವವನ್ನು ಒಂದರಿಂದ ಒಂಬತ್ತರವರೆಗೆ ಒಂಬತ್ತು ಟೈಪ್‌ಗಳಾಗಿ ವಿಂಗಡಿಸುವ ವ್ಯವಸ್ಥೆ ಅದು. ನನಗೆ ಬಂದದ್ದು ಒಂಬತ್ತು, ಅಂದರೆ ಶಾಂತಿಪ್ರಿಯ. ಬೇಗ ಸಿಟ್ಟು ಬರುತ್ತಾ, ಜಗಳ ಆಡ್ತೀರಾ ಅನ್ನೋ ಥರದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಅಂತ ಟಿಕ್ ಮಾಡಿದ್ದೆ. ಸುಳ್ಳು ಹೇಳಿರಲಿಲ್ಲ. ನಾನು ಯಾರ ಮೇಲೂ ಕೂಗಾಡಿದವನಲ್ಲ.

ಮೂರು ವಾರ ಕಳೆದಿರಬೇಕು, ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಬೇರೆ ಟೀಮ್‌ಗೆ ಹೋಗ್ತೀನಿ ಅಂದಳು. ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನೀವು ಒಂದು ದಿನಾನೂ ಬೈದಿಲ್ಲ ಸರ್. ಆದ್ರೆ ನಾನು ಮಾಡಿದ್ದನ್ನ ರಾತ್ರಿ ಹನ್ನೊಂದು ಗಂಟೆಗೆ ಪೂರ್ತಿ ತಿದ್ದಿ, ‘ಪರವಾಗಿಲ್ಲ, ನಾನೇ ಸರಿ ಮಾಡಿದೆ’ ಅಂತ ಮೆಸೇಜ್ ಹಾಕ್ತೀರಲ್ಲ, ಅದಕ್ಕಿಂತ ಬೈದುಬಿಟ್ಟಿದ್ರೆ ಚೆನ್ನಾಗಿತ್ತು.”

ಶಾಂತಿಪ್ರಿಯನಿಗೆ ಹೇಳೋ ಮಾತಾ ಇದು? ಒಂದೋ ಅವಳು ತಪ್ಪು, ಇಲ್ಲವೇ ಟೆಸ್ಟ್ ತಪ್ಪು. ಈ ಒಂಬತ್ತು ನಂಬರುಗಳು ಎಲ್ಲಿಂದ ಬಂದವು ಅಂತ ಹುಡುಕಲು ಕೂತೆ.

ಔಟಿಂಗ್‌ನಲ್ಲಿ ನಮಗೆ ಹೇಳಿದ್ದು ‘ಸಾವಿರಾರು ವರ್ಷಗಳ ಪುರಾತನ ಜ್ಞಾನ’ ಅಂತ. ಒಂಬತ್ತು ಟೈಪ್‌ಗಳ ಇತಿಹಾಸ ಅಷ್ಟು ಹಳೆಯದೇನಲ್ಲ. ವೃತ್ತದೊಳಗೆ ಒಂಬತ್ತು ಬಿಂದುಗಳಿರುವ ಆ ಚಿತ್ರವನ್ನು 1916ರ ಸುಮಾರಿಗೆ ರಷ್ಯಾದಲ್ಲಿ ಗುರ್ಜೀಫ್ ಎಂಬ ಗುರು ತನ್ನ ಶಿಷ್ಯರಿಗೆ ಕಲಿಸುತ್ತಿದ್ದ. ಅದರಲ್ಲಿ ಒಂಬತ್ತು ಥರದ ಮನುಷ್ಯರ ಮಾತೇ ಇರಲಿಲ್ಲ. ಒಂದೊಂದು ಬಿಂದುವಿನ ಮೇಲೂ ಒಂದೊಂದು ಸ್ವಭಾವವನ್ನು ಕೂರಿಸಿದ್ದು ಬೊಲಿವಿಯಾದಲ್ಲಿ ಹುಟ್ಟಿದ ಆಸ್ಕರ್ ಇಚಾಸೊ. 1970ರಲ್ಲಿ ಚಿಲಿ ದೇಶದ ಆರಿಕಾ ಎಂಬ ಊರಿನಲ್ಲಿ ಆತ ನಡೆಸಿದ ಶಿಬಿರಕ್ಕೆ ಅಮೆರಿಕದಿಂದ ಹತ್ತಾರು ಜನ ಬಂದಿದ್ದರು. ಅವರ ಜೊತೆಗಿದ್ದ ಚಿಲಿಯ ಮನೋವೈದ್ಯ ಕ್ಲಾಡಿಯೊ ನರಾಂಹೊ ಮುಂದೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಣ್ಣ ಗುಂಪೊಂದಕ್ಕೆ ಇದನ್ನು ಕಲಿಸಿದರು, ಹೊರಗೆ ಯಾರಿಗೂ ಹೇಳಿಕೊಡಬಾರದು ಅನ್ನೋ ಷರತ್ತಿನ ಮೇಲೆ. ಆದರೂ ಗುಟ್ಟು ಹೊರಗೆ ಬಂತು. ಆ ಗುಂಪಿನಲ್ಲಿದ್ದ ಜೆಸ್ಯೂಟ್ ಪಾದ್ರಿಯೊಬ್ಬರಿಂದ ಟಿಪ್ಪಣಿಗಳು ಶಿಕಾಗೊ ಸೇರಿ ಕೈಯಿಂದ ಕೈಗೆ ದಾಟಿದವು. 1987ರಲ್ಲಿ ಡಾನ್ ರಿಸೊ, 1988ರಲ್ಲಿ ಹೆಲೆನ್ ಪಾಮರ್ ಪುಸ್ತಕ ಬರೆದರು. ಇಚಾಸೊ ಕಟ್ಟಿದ ಸಂಸ್ಥೆ ಪಾಮರ್ ವಿರುದ್ಧ ಕೇಸು ಹಾಕಿ 1992ರಲ್ಲಿ ಸೋತಿತು. ಇದು ನಾನು ಕಂಡುಹಿಡಿದ ಸತ್ಯ ಅಂತ ಇಚಾಸೊ ಹೇಳಿಕೊಂಡು ಬಂದಿದ್ದೇ ಮುಳುವಾಯಿತು. ಸತ್ಯಕ್ಕೆ ಕಾಪಿರೈಟ್ ಎಲ್ಲಿಂದ ಬರಬೇಕು?

ಈ ಕಥೆಯಲ್ಲಿ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಮೊದಲು ಇದೆಲ್ಲ ನಡೆಯುತ್ತಿದ್ದದ್ದು ಗುಂಪಿನ ನಡುವೆ, ಗುರುವಿನ ಎದುರು. ನಿಮ್ಮನ್ನು ನೋಡುವ ಇನ್ನೊಂದು ಜೊತೆ ಕಣ್ಣು ಅಲ್ಲಿರುತ್ತಿತ್ತು. ಪುಸ್ತಕ, ಆಮೇಲೆ ಟೆಸ್ಟ್ ಬಂದ ಮೇಲೆ ನಮ್ಮ ನಂಬರನ್ನು ನಾವೇ ಕೂತು ಆರಿಸಿಕೊಳ್ಳತೊಡಗಿದೆವು. ನಮ್ಮ ಬೆನ್ನು ನಮಗೆ ಹೇಗೆ ಕಂಡೀತು?

ಇನ್ನರ್ಧ ಉತ್ತರ ಇದ್ದದ್ದು ಸಿಟ್ಟಿನಲ್ಲಿ. ಎನಿಯಾಗ್ರಾಮ್‌ನಲ್ಲಿ ಎಂಟು, ಒಂಬತ್ತು, ಒಂದು ಈ ಮೂರೂ ಸಿಟ್ಟಿನ ಮನೆಯವರು. ಎಂಟು ಸಿಟ್ಟನ್ನು ಅಲ್ಲೇ ಹೊರಹಾಕುತ್ತದೆ. ಒಂಬತ್ತು ಅದನ್ನು ಮಲಗಿಸಿಬಿಡುತ್ತದೆ, ಎಷ್ಟರಮಟ್ಟಿಗೆ ಅಂದರೆ ತನಗೇ ಗೊತ್ತಾಗದಷ್ಟು. ಒಂದು ಅದನ್ನು ಅದುಮಿಟ್ಟು ತಿದ್ದುಪಡಿಯ ರೂಪದಲ್ಲಿ ಹೊರಗೆ ಬಿಡುತ್ತದೆ. ಕ್ರೈಸ್ತರ ಏಳು ಪಾಪಗಳಿಗೆ ಭಯ, ವಂಚನೆ ಎರಡನ್ನೂ ಸೇರಿಸಿ ಇಚಾಸೊ ಒಂಬತ್ತು ಮಾಡಿದರಲ್ಲ, ಅದರಲ್ಲಿ ‘ಕೋಪ’ ಅನ್ನೋ ಹಣೆಪಟ್ಟಿಯನ್ನು ಯಾರಿಗೆ ಅಂಟಿಸಿದರು ಗೊತ್ತಾ? ಟೇಬಲ್ ಕುಟ್ಟುವ ಎಂಟಕ್ಕಲ್ಲ. ಅಚ್ಚುಕಟ್ಟಾದ, ನಿಯಮ ಮುರಿಯದ, ದನಿ ಏರಿಸದ ಒಂದಕ್ಕೆ!

ತಪ್ಪು ನಂಬರ್ ಬರುವುದು ಇಲ್ಲೇ. ಕೋಪ ಅಂದರೆ ಕೂಗಾಟ ಅಂದುಕೊಂಡ ‘ಒಂದು’ ಟೆಸ್ಟ್‌ನಲ್ಲಿ ತನಗೆ ಸಿಟ್ಟೇ ಇಲ್ಲ ಅಂತ ಬರೆಯುತ್ತದೆ. ಯಾಕಂದರೆ ಅದಕ್ಕೆ ಅದು ಸಿಟ್ಟು ಅನ್ನಿಸುವುದೇ ಇಲ್ಲ, ನ್ಯಾಯ ಅನ್ನಿಸುತ್ತದೆ, ಜವಾಬ್ದಾರಿ ಅನ್ನಿಸುತ್ತದೆ. ಭಯಕ್ಕೆ ಮೈಮೇಲೆ ಎರಗುವ ಆರು ತನ್ನನ್ನು ಧೈರ್ಯವಂತ ಎಂಟು ಅಂದುಕೊಳ್ಳುವುದೂ ಹೀಗೇ. ಟೆಸ್ಟ್ ಕೇಳುವುದು ನಡವಳಿಕೆಯನ್ನು. ಟೈಪ್ ಇರುವುದು ಅದರ ಹಿಂದಿನ ಕಾರಣದಲ್ಲಿ.

ಏಳು ಪಾಪಗಳ ಪಟ್ಟಿಯ ಬೇರು ಮಾತ್ರ ನಿಜಕ್ಕೂ ಹಳೆಯದು. ನಾಲ್ಕನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಮನಸ್ಸನ್ನು ಕಾಡುವ ಎಂಟು ಯೋಚನೆಗಳನ್ನು ಪಟ್ಟಿ ಮಾಡಿದ. ನಮ್ಮ ಅರಿಷಡ್ವರ್ಗದ ಹಾಗೆ ಅದರಲ್ಲೂ ಕೋಪ, ಲೋಭ ಇದ್ದವು. ಅದನ್ನು ಏಳಕ್ಕೆ ಇಳಿಸಿದ್ದು ಆರನೇ ಶತಮಾನದ ಪೋಪ್ ಗ್ರೆಗರಿ. ಇವಾಗ್ರಿಯಸ್‌ನ ಎಂಟರ ಪಟ್ಟಿಯನ್ನು ಯುರೋಪಿಗೆ ಒಯ್ದ ಜಾನ್ ಕ್ಯಾಸಿಯನ್ ಕೂಡ ಕೆಲಕಾಲ ಆ ಮರುಭೂಮಿಯಲ್ಲೇ ಇದ್ದವನು. ಜನರಿಂದ ದೂರ ಹೋದರೆ ಸಿಟ್ಟು ಹೋಗುತ್ತದೆ ಅನ್ನುವವರಿಗೆ ಆತ ತನ್ನದೇ ಅನುಭವ ಹೇಳುತ್ತಾನೆ. ಒಂಟಿಯಾಗಿದ್ದಾಗ ಬೈಯಲು ಮನುಷ್ಯರಿರಲಿಲ್ಲ. ಹಾಗಾಗಿ ಆತನಿಗೆ ಬರೆಯುವ ಲೇಖನಿಯ ಮೇಲೆ ಸಿಟ್ಟು ಬರುತ್ತಿತ್ತು, ದಪ್ಪಗಾಯಿತು, ಸಣ್ಣಗಾಯಿತು ಅಂತ. ಹರಿತವಿಲ್ಲದ ಚಾಕುವಿನ ಮೇಲೆ ಬರುತ್ತಿತ್ತು. ಬೇಗ ಕಿಡಿ ಕೊಡದ ಚಕಮಕಿ ಕಲ್ಲಿನ ಮೇಲೂ ಬರುತ್ತಿತ್ತು.

ಇದನ್ನು ಓದಿದಾಗ ನಗು ಬಂತು, ಆಮೇಲೆ ನಿಂತುಹೋಯಿತು. ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಒಬ್ಬನೇ ಕೂತು ನಾನು ಎಷ್ಟು ಸಲ ಮೌಸ್ ಕುಕ್ಕಿಲ್ಲ, ಹ್ಯಾಂಗ್ ಆದ ಲ್ಯಾಪ್‌ಟಾಪಿಗೆ ಏನೇನು ಅಂದಿಲ್ಲ! ಆ ಹುಡುಗಿ ಮಾಡಿದ ಕೆಲಸವೂ ನನಗೆ ಬಹುಶಃ ದಪ್ಪಗಾದ ಲೇಖನಿಯೇ ಆಗಿತ್ತು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ, ಫಾಂಟ್ ಮೇಲಿತ್ತು, ಅಲೈನ್‌ಮೆಂಟ್ ಮೇಲಿತ್ತು. ತಲುಪಿದ್ದು ಮಾತ್ರ ಅವಳಿಗೆ.

ಎನಿಯಾಗ್ರಾಮ್‌ಗೆ ಗಟ್ಟಿ ವೈಜ್ಞಾನಿಕ ಆಧಾರ ಇಲ್ಲ ಅಂತ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ನಾನು ಒಂದೋ ಒಂಬತ್ತೋ ಅನ್ನೋ ಪ್ರಶ್ನೆಯನ್ನೂ ಈಗ ಬಿಟ್ಟಿದ್ದೇನೆ. ನಿಮಗೂ ಯಾರಾದರೂ ಆ ಟೆಸ್ಟ್ ಕೊಟ್ಟರೆ, ಸಿಟ್ಟಿನ ಪ್ರಶ್ನೆಗಳಷ್ಟನ್ನು ನಿಮ್ಮ ಜೊತೆ ಇರುವವರ ಕೈಲಿ ತುಂಬಿಸಿ.

ಅವಳು ಬೇರೆ ಟೀಮ್‌ಗೆ ಹೋದಳು. ಹೋಗುವ ದಿನ ಸಾರಿ ಕೇಳಿದೆ. “ಪರವಾಗಿಲ್ಲ ಸರ್” ಅಂದಳು. ಆ ಪದವನ್ನು ನಾನು ಅವಳಿಗೆ ಎಷ್ಟು ಸಲ ಕಳಿಸಿದ್ದೆ ಅಂತ ಇಬ್ಬರಿಗೂ ಗೊತ್ತಿತ್ತು.