ಕರಾವಳಿ ಕ್ಯಾಥೊಲಿಕರ ಕೃಷಿ ವರ್ಷ

ಕರಾವಳಿ ಕ್ಯಾಥೊಲಿಕರ ಕೃಷಿ ವರ್ಷ ಎಂಬುದು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಭಾಷಿಕ ಕ್ಯಾಥೊಲಿಕ್ ಕ್ರೈಸ್ತ ರೈತ ಕುಟುಂಬಗಳು ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಅನುಸರಿಸುತ್ತ ಬಂದಿರುವ ಬೇಸಾಯ, ಪ್ರಾರ್ಥನೆ ಮತ್ತು ಹಬ್ಬಗಳ ಕ್ರಮವಾಗಿದೆ. ಈ ಕುಟುಂಬಗಳು ಏಕಕಾಲದಲ್ಲಿ ಎರಡು ಪಂಚಾಂಗಗಳನ್ನು ಪಾಲಿಸುತ್ತವೆ. ಒಂದು, ಕ್ರಿಸ್ಮಸ್ ಮತ್ತು ಈಸ್ಟರ್ ಹಬ್ಬಗಳನ್ನು ಆಧರಿಸಿದ ಚರ್ಚಿನ ಪಂಚಾಂಗ. ಇನ್ನೊಂದು, ಆಟಿ, ಸೋಣ, ಸುಗ್ಗಿ ಎಂಬ ತಿಂಗಳುಗಳನ್ನುಳ್ಳ ತುಳುನಾಡಿನ ಮಳೆ ಮತ್ತು ಭತ್ತದ ಪಂಚಾಂಗ. ಇವೆರಡೂ ಒಂದೇ ದಿನದಲ್ಲಿ ಸಂಧಿಸುವುದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಅಥವಾ ತೆನೆ ಹಬ್ಬದಲ್ಲಿ. ಭತ್ತದ ಗದ್ದೆಗಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಹಬ್ಬ ಉಳಿದಿದೆ, ತೆನೆಯನ್ನು ಮಾತ್ರ ಹುಡುಕಿ ತರಬೇಕಾಗಿದೆ.

ಹಿನ್ನೆಲೆ

ಈ ಸಮುದಾಯದ ಬಹುಪಾಲು ಜನರ ಪೂರ್ವಿಕರು 16ನೆಯ ಶತಮಾನದಿಂದ 18ನೆಯ ಶತಮಾನದ ನಡುವೆ ಗೋವೆಯಿಂದ ಹಲವು ಬಾರಿ ದಕ್ಷಿಣಕ್ಕೆ ವಲಸೆ ಬಂದವರು. ಬರ, ಸಾಂಕ್ರಾಮಿಕ ರೋಗ, ಯುದ್ಧ, ತೆರಿಗೆಯ ಭಾರ ಹಾಗೂ 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯದ ಭಯ ಇದಕ್ಕೆ ಕಾರಣಗಳಾಗಿದ್ದವು. ಗೋವೆಯ ಪೋರ್ಚುಗೀಸರು ಅಕ್ಕಿಗಾಗಿ ಕೆನರಾ ಕರಾವಳಿಯನ್ನು ಅವಲಂಬಿಸಿದ್ದರು. ಹೀಗೆ ಬಂದ ಕುಟುಂಬಗಳಿಗೆ ಬೇಸಾಯ ಹೊಸತಾಗಿರಲಿಲ್ಲ. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಅವು ಇಲ್ಲಿ ನೆಲೆಯೂರಿದವು.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರಲ್ಲಿ ಆತನ ಮರಣಾನಂತರ ಬದುಕುಳಿದವರು ಹಿಂದಿರುಗಿದಾಗ ಅವರ ಜಮೀನುಗಳಲ್ಲಿ ಹಲವು ಬೇರೆಯವರ ವಶದಲ್ಲಿದ್ದವು. ಅನೇಕರು ಗೇಣಿ ಒಕ್ಕಲುಗಳಾಗಿ ಬೇಸಾಯವನ್ನು ಮೊದಲಿನಿಂದ ಆರಂಭಿಸಬೇಕಾಯಿತು. ನಿಗದಿತ ಗೇಣಿ ಕೊಟ್ಟು ತಲೆಮಾರುಗಳವರೆಗೆ ಅನುಭವಿಸಬಹುದಾದದ್ದು ಮೂಲಗೇಣಿ. ಧಣಿಯ ಇಚ್ಛೆಯಂತೆ ಬಿಡಿಸಬಹುದಾದದ್ದು ಚಾಲಗೇಣಿ. ಸಾಮಾನ್ಯ ರೈತನ ಪಾಲಿಗೆ ಬರುತ್ತಿದ್ದುದು ಹೆಚ್ಚಾಗಿ ಎರಡನೆಯದೇ. ಈ ಸಮುದಾಯದ ವರ್ಷವನ್ನು ಹಬ್ಬಗಳ ಪಟ್ಟಿಯಾಗಿ ಮಾತ್ರ ವಿವರಿಸುವವರು ಗೇಣಿಯನ್ನು ಮರೆಯುತ್ತಾರೆ. ಬೆಳೆದ ಭತ್ತದಲ್ಲಿ ಮನೆಗೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯೇ ವರ್ಷದ ಉಳಿದೆಲ್ಲವನ್ನೂ ನಿರ್ಧರಿಸುತ್ತಿತ್ತು.

ಮಳೆಗಾಲ ಮತ್ತು ಏಣೆಲು

ಕರಾವಳಿಯಲ್ಲಿ ಭತ್ತಕ್ಕೆ ಮೂರು ಬೆಳೆಗಳಿವೆ: ಮಳೆಗಾಲದ ಏಣೆಲು, ಅದರ ನಂತರದ ಸುಗ್ಗಿ, ಬೇಸಗೆಯ ಕೊಳಕೆ. ತಗ್ಗಿನ ಬೈಲು ಗದ್ದೆಯಲ್ಲಿ ನೀರಿನ ಅನುಕೂಲವಿದ್ದರೆ ಮೂರನ್ನೂ, ನಡುವಿನ ಮಜಲು ಗದ್ದೆಯಲ್ಲಿ ಎರಡನ್ನು, ಎತ್ತರದ ಬೆಟ್ಟು ಗದ್ದೆಯಲ್ಲಿ ಏಣೆಲನ್ನು ಮಾತ್ರ ತೆಗೆಯುವುದು ವಾಡಿಕೆ. ಬೆಟ್ಟು ಗದ್ದೆಯೊಂದನ್ನೇ ಹೊಂದಿದ ಕುಟುಂಬಕ್ಕೆ ಮಳೆಗಾಲ ತಪ್ಪಿದರೆ ವರ್ಷವೇ ತಪ್ಪಿದಂತೆ.

ಜೂನ್ ಮೊದಲ ವಾರಗಳಲ್ಲಿ ಮಳೆ ಹಿಡಿಯುತ್ತಿದ್ದಂತೆ ಬಿತ್ತನೆ, ಕೋಣ ಅಥವಾ ಎತ್ತುಗಳಿಂದ ಉಳುಮೆ, ಬಳಿಕ ನೇಜಿ ನಾಟಿ ನಡೆಯುತ್ತಿತ್ತು. ಬೇಸಗೆಯಲ್ಲಿ ಕೂಡಿಟ್ಟ ಸುಡುಮಣ್ಣು, ಸೊಪ್ಪು ಮತ್ತು ಹಟ್ಟಿಗೊಬ್ಬರ ಗದ್ದೆಗೆ ಸೇರುತ್ತಿದ್ದವು. ಗಂಡಸರು ಅಡಕೆ ಹಾಳೆಯ ಮುಟ್ಟಾಳೆ ಇಟ್ಟು ಉಳುತ್ತಿದ್ದರೆ, ಹೆಂಗಸರು ಗೊರಬು ಹೊದ್ದು ಬೆನ್ನು ಬಗ್ಗಿಸಿ ನೇಜಿ ನೆಡುತ್ತಿದ್ದರು. ನಾಟಿಯ ಕೆಲಸ ಒಂದೇ ಮನೆಯ ಜನರಿಂದ ಮುಗಿಯುವಂಥದ್ದಲ್ಲ. ನೆರೆಯ ಹಿಂದೂ ಕುಟುಂಬಗಳ ಹೆಂಗಸರೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದುದರಿಂದ ಕ್ರೈಸ್ತರ ಗದ್ದೆಗಳಲ್ಲಿಯೂ ತುಳುವಿನ ನಾಟಿ ಹಾಡುಗಳೇ ಕೇಳಿಬರುತ್ತಿದ್ದವು. ಭಾಷೆಯ ಈ ಹಂಚಿಕೆ ಗಮನಾರ್ಹವಾದದ್ದು: ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮತ್ತು 1960ರ ದಶಕದವರೆಗೆ ಪೂಜೆಯ ಪೀಠದ ಬಳಿ ಲ್ಯಾಟಿನ್. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರವೇ ಬಲಿಪೂಜೆ ಜನರ ಭಾಷೆಗೆ ಬಂದಿತು.

ಆಟಿ ತಿಂಗಳು, ಅಂದರೆ ಸುಮಾರಾಗಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕೊರತೆಯ ಕಾಲ. ಹಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತದೆ, ಹೊಸ ಬೆಳೆ ಇನ್ನೂ ಹಸಿರಾಗಿರುತ್ತದೆ. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಮತ್ತು ಮಾವಿನಕಾಯಿ, ಒಣಮೀನು, ಕುಚ್ಚಲಕ್ಕಿಯ ಗಂಜಿ, ತೋಟದ ಬದಿಯಲ್ಲಿ ತಾನಾಗಿ ಬೆಳೆದ ಕೆಸು ಮತ್ತು ತಗಟೆ ಸೊಪ್ಪು ಈ ದಿನಗಳ ಆಹಾರ. ಸಂಜೆ ದೀಪ ಹಚ್ಚಿ, ಮನೆಯ ಆಲ್ತಾರಿನ ಮುಂದೆ ತೇರ್ಸ್ ಎಂದು ಕರೆಯಲಾಗುವ ಜಪಸರ ಪ್ರಾರ್ಥನೆಯನ್ನು ಇಡೀ ಕುಟುಂಬ ಕೂಡಿ ಹೇಳುತ್ತದೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಪಡೆಯುವುದು ಇಂದಿಗೂ ಹಲವು ಮನೆಗಳಲ್ಲಿ ಉಳಿದಿರುವ ಪದ್ಧತಿ.

ಮೊಂತಿ ಫೆಸ್ತ್

ಸೆಪ್ಟೆಂಬರ್ 8 ಕ್ಯಾಥೊಲಿಕ್ ಪಂಚಾಂಗದಲ್ಲಿ ಯೇಸುವಿನ ತಾಯಿ ಮರಿಯಳ ಜನ್ಮದಿನ. ಇದು ಜಗತ್ತಿನ ಎಲ್ಲ ಕ್ಯಾಥೊಲಿಕರಿಗೂ ಸಮಾನವಾದದ್ದು. ಅದಕ್ಕೆ ಭತ್ತದ ತೆನೆಯನ್ನು ಸೇರಿಸಿದ್ದು ಕರಾವಳಿಯ ವಿಶೇಷ. ಮಂಗಳೂರಿನ ಸಮೀಪ ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದ ಅವರು 1763ರಲ್ಲಿ ಈ ಆಚರಣೆಯನ್ನು ಆರಂಭಿಸಿದರೆಂದು ಪರಂಪರೆಯು ಹೇಳುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ ‘ಮೊಂತೆ’ ಎಂದರೆ ಬೆಟ್ಟ. ಬೆಟ್ಟದ ಮೇಲಿನ ಮರಿಯಮ್ಮನ ಹಬ್ಬವೇ ಮೊಂತಿ ಫೆಸ್ತ್.

ಆಗಸ್ಟ್ 30ರಿಂದ ಒಂಬತ್ತು ದಿನಗಳ ಪ್ರಾರ್ಥನೆ ನಡೆಯುತ್ತದೆ. ಈ ದಿನಗಳಲ್ಲಿ ಮಕ್ಕಳು ಬುಟ್ಟಿ ಅಥವಾ ತಟ್ಟೆಗಳಲ್ಲಿ ಹೂ ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಗುಡ್ಡ, ಬೇಲಿ, ಗದ್ದೆಯ ಹುಣಿಗಳಲ್ಲಿ ಅರಳುವ ಸೋಣ ತಿಂಗಳ ಹೂಗಳನ್ನು ಬೆಳಿಗ್ಗೆ ಬೇಗನೆದ್ದು ಕೊಯ್ದು ತರುವುದು ಮಕ್ಕಳಿಗೆ ಹಬ್ಬದ ಮುಖ್ಯ ಭಾಗವೇ ಆಗಿತ್ತು. ಹಬ್ಬದ ದಿನ ಹೊಸ ತೆನೆಗಳನ್ನು ಆಶೀರ್ವದಿಸಿ, ಮರಿಯಳ ಪ್ರತಿಮೆಯೊಂದಿಗೆ ಮೆರವಣಿಗೆಯಲ್ಲಿ ಚರ್ಚಿನೊಳಗೆ ಒಯ್ಯಲಾಗುತ್ತದೆ. ಪೂಜೆಯ ನಂತರ ಪ್ರತಿ ಕುಟುಂಬಕ್ಕೂ ತೆನೆ, ಮಕ್ಕಳಿಗೆ ಕಬ್ಬು ದೊರೆಯುತ್ತದೆ.

ಮನೆಗೆ ತಂದ ತೆನೆಯನ್ನು ಆಲ್ತಾರಿನಲ್ಲಿರಿಸಿ ಪ್ರಾರ್ಥಿಸಿದ ಮೇಲೆ ಅದರ ಕಾಳುಗಳನ್ನು ಸುಲಿದು, ಪುಡಿ ಮಾಡಿ, ಹಾಲು ಅಥವಾ ಪಾಯಸದಲ್ಲಿ ಬೆರೆಸಲಾಗುತ್ತದೆ. ಮನೆಯ ಹಿರಿಯರು ಅದನ್ನು ಎಲ್ಲರಿಗೂ ಹಂಚುತ್ತಾರೆ. ಈ ಕ್ರಮಕ್ಕೆ ‘ನೊವೆಂ’ (ಹೊಸತು) ಎಂದು ಹೆಸರು. ಬಳಿಕ ಬಾಳೆಲೆಯಲ್ಲಿ ಊಟ. ಮಾಂಸ ಮತ್ತು ಮೀನು ಪ್ರಿಯವಾದ ಈ ಸಮುದಾಯ ತನ್ನ ಅತಿ ದೊಡ್ಡ ಕೌಟುಂಬಿಕ ಊಟವನ್ನು ಸಂಪೂರ್ಣ ಸಸ್ಯಾಹಾರವಾಗಿ ಉಣ್ಣುವುದು ಹೊರಗಿನವರಿಗೆ ಸೋಜಿಗವೆನಿಸುತ್ತದೆ. ಪಲ್ಯ ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು, ಒಂಬತ್ತು ಹೀಗೆ ಬೆಸವಾಗಿರಬೇಕು. ಕೆಸುವಿನ ದಂಟು, ಪತ್ರೊಡೆ, ಹರಿವೆ, ಬೆಂಡೆ, ಹೀರೆ, ಹಾಗಲ, ಅಂಬಟೆ, ಸೌತೆ ಇವೆಲ್ಲ ಆ ಕಾಲದಲ್ಲಿ ಹಿತ್ತಿಲಿನಲ್ಲಿ ಸಿಗುವಂಥವೇ. ಆಟಿಯ ಕೊರತೆಯನ್ನು ದಾಟಿ ಬಂದ ಮನೆಯ ಅಡುಗೆ ಇದು. ಕೊನೆಗೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸವಾದ ವೊರ್ನ್ ಬಡಿಸುತ್ತಾರೆ. ಊಟಕ್ಕೆ ಬರಲಾಗದ ದೂರದ ಮಕ್ಕಳಿಗೆ ಕೆಲವು ಕಾಳುಗಳನ್ನು ಕಾಗದದೊಳಗಿಟ್ಟು ಅಂಚೆಯಲ್ಲಿ ಮುಂಬಯಿಗೂ ಗಲ್ಫ್ ದೇಶಗಳಿಗೂ ಕಳುಹಿಸುವ ಪದ್ಧತಿ ಬೆಳೆದು ಬಂದಿದೆ.

ಪತ್ರಿಕೆಗಳಲ್ಲಿ ಇದನ್ನು ಸುಗ್ಗಿ ಹಬ್ಬವೆಂದು ಬರೆಯುವುದುಂಟು. ಅದು ಪೂರ್ತಿ ಸರಿಯಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಏಣೆಲಿನ ಕೊಯ್ಲು ಸಾಮಾನ್ಯವಾಗಿ ಆಗಿರುವುದಿಲ್ಲ. ತೆನೆ ಆಗತಾನೆ ಹೊರಟು ಹಾಲುಗಟ್ಟುತ್ತಿರುತ್ತದೆ. ಮುಂದೆ ಗಾಳಿಮಳೆ, ಕೀಟ, ನೆರೆ ಯಾವುದೂ ಬರಬಹುದು. ಕಣಜ ತುಂಬಿದ ಮೇಲಿನ ಸಂಭ್ರಮಕ್ಕಿಂತ, ಕಣಜ ತುಂಬಲೆಂಬ ಕೋರಿಕೆಯೇ ಇದರಲ್ಲಿ ಹೆಚ್ಚಾಗಿದೆ. ನೆರೆಯ ಹಿಂದೂ ಮನೆಗಳಲ್ಲಿ ತೆನೆ ಕಟ್ಟುವುದು ಮತ್ತು ಹೊಸ ಅಕ್ಕಿ ಊಟ ಇದೇ ಬೆಳೆಗೆ ಸಂಬಂಧಿಸಿದ ಆಚರಣೆಗಳಾಗಿದ್ದು, ಮೊಂತಿ ಫೆಸ್ತನ್ನು ಅವುಗಳೊಂದಿಗೆ ಇಟ್ಟು ನೋಡಿದಾಗಲೇ ಅದರ ಸ್ವರೂಪ ಸ್ಪಷ್ಟವಾಗುತ್ತದೆ.

ಕೊಯ್ಲು ಮತ್ತು ಗೇಣಿ

ಏಣೆಲಿನ ಕೊಯ್ಲು ಮುಗಿದು ಭತ್ತ ಬಡಿದ ಮೇಲೆ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ, ಅಂದರೆ 42 ಸೇರಿಗೆ, ಒಂದು ಮುಡಿ. ಗೇಣಿಯನ್ನು ಲೆಕ್ಕ ಹಾಕುತ್ತಿದ್ದುದು ಮುಡಿಗಳಲ್ಲೇ. ಧಣಿಯ ಮನೆಗೆ ಹೋಗುವ ಮುಡಿಗಳನ್ನು ಬೇರೆ ಮಾಡಿದ ಮೇಲೆ ಉಳಿದದ್ದರಲ್ಲಿ ಬೀಜಕ್ಕೆ, ಕೂಲಿಗೆ ಮತ್ತು ಚರ್ಚಿಗೆ ಪಾಲು ತೆಗೆಯಬೇಕಿತ್ತು.

ನವೆಂಬರ್ 2 ಸಕಲ ಮೃತರ ದಿನ. ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಇದೇ ಹೊತ್ತಿಗೆ ಸುಗ್ಗಿ ಬೆಳೆಯ ಕೆಲಸವೂ ಆರಂಭವಾಗಿರುತ್ತದೆ.

ಕ್ರಿಸ್ಮಸ್ಸಿನಿಂದ ಬೇಸಗೆಯವರೆಗೆ

ಕ್ರಿಸ್ಮಸ್ ಹಬ್ಬಕ್ಕೆ ಮೊದಲೇ ಮನೆಗಳಲ್ಲಿ ಕುಸ್ವಾರ್ ಎಂಬ ಒಟ್ಟು ಹೆಸರಿನ ತಿಂಡಿಗಳು ಸಿದ್ಧವಾಗುತ್ತವೆ. ಎಳ್ಳು, ಬೆಲ್ಲ, ಕಾಯಿ ತುಂಬಿದ ನೆವ್ರಿಯೊ, ಹುಳುವಿನ ಆಕಾರದ ಕಿಡಿಯೊ, ಗುಳಿಯೊ, ತುಕ್ಡಿ, ಎಳ್ಳುಂಡೆ ಇವುಗಳಲ್ಲಿ ಮುಖ್ಯವಾದವು. ಇವನ್ನು ಧರ್ಮಭೇದವಿಲ್ಲದೆ ನೆರೆಮನೆಗಳಿಗೆ ಹಂಚಲಾಗುತ್ತದೆ. ಹಬ್ಬದ ಊಟದಲ್ಲಿ ಹಂದಿಮಾಂಸದ ಬಾಫಾತ್ ಮತ್ತು ಶೇಂದಿ ಹಾಕಿ ಹುದುಗಿಸಿದ ಸಾನ್ನಾ ಇರುತ್ತವೆ.

ಮದುವೆಗಳ ಕಾಲವೂ ಎರಡು ಪಂಚಾಂಗಗಳಿಗೆ ಒಪ್ಪುವಂತೆ ರೂಪುಗೊಂಡಿತ್ತು. ಕ್ರಿಸ್ಮಸ್ಸಿನ ಪೂರ್ವದ ಆಗಮನ ಕಾಲದಲ್ಲಿಯೂ ಈಸ್ಟರಿನ ಪೂರ್ವದ ತಪಸ್ಸು ಕಾಲದಲ್ಲಿಯೂ ಮದುವೆ ಮಾಡುವುದಿಲ್ಲ. ಮಳೆಗಾಲದಲ್ಲಿ ಗದ್ದೆ ಬಿಡುವು ಕೊಡುವುದಿಲ್ಲ. ಉಳಿದದ್ದು ಜನವರಿಯ ಆಸುಪಾಸು ಮತ್ತು ಈಸ್ಟರ್ ನಂತರದ ಕೆಲವು ವಾರಗಳು. ಮದುವೆಗೆ ಮುನ್ನ ವಧೂವರರಿಗೆ ಅವರವರ ಮನೆಯಲ್ಲಿ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರಕ್ಕೆ ನೆರೆಹೊರೆಯವರೆಲ್ಲ ಸೇರುತ್ತಾರೆ. ಜನವರಿಯಲ್ಲಿ ನಡೆಯುವ ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಎಲ್ಲ ಧರ್ಮದವರೂ ಮೇಣದಬತ್ತಿಯ ಹರಕೆ ಹೊತ್ತು ಬರುತ್ತಾರೆ. ಈ ಚರ್ಚಿಗೆ 2016ರಲ್ಲಿ ಬಸಿಲಿಕ ಸ್ಥಾನ ದೊರೆಯಿತು.

ವಿಭೂತಿ ಬುಧವಾರದಿಂದ ತಪಸ್ಸು ಕಾಲ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಕರಾವಳಿಯಲ್ಲಿ ಗರಿ ಎಂದರೆ ತೆಂಗಿನ ಎಳೆಗರಿ. ಮಾಂಸ ಬಿಟ್ಟು, ಶುಭ ಶುಕ್ರವಾರ ಉಪವಾಸವಿದ್ದು ಈಸ್ಟರ್ ಆಚರಿಸಿದ ಮೇಲೆ ಬೇಸಗೆಯ ದುಡಿಮೆ ಉಳಿಯುತ್ತದೆ: ಗೇರುಬೀಜ ಹೆಕ್ಕುವುದು, ಕಟ್ಟಿಗೆ ಒಟ್ಟುವುದು, ಹಲಸಿನ ಹಪ್ಪಳ, ಉಪ್ಪಿನಕಾಯಿ, ಒಣಮೀನಿನ ದಾಸ್ತಾನು. ಪತ್ತನಾಜೆ ಕಳೆದರೆ ಯಕ್ಷಗಾನ ಮತ್ತು ಕೋಲಗಳು ನಿಲ್ಲುವಂತೆ ಕ್ರೈಸ್ತ ರೈತನೂ ಮೋಡ ನೋಡತೊಡಗುತ್ತಾನೆ.

ಭೂ ಸುಧಾರಣೆ ಮತ್ತು ನಂತರದ ಬದಲಾವಣೆಗಳು

ಈ ವರ್ಷಚಕ್ರವನ್ನು ಅತಿ ಹೆಚ್ಚು ಬದಲಿಸಿದ್ದು ಕರ್ನಾಟಕ ಭೂ ಸುಧಾರಣಾ ಕಾಯಿದೆಯ 1974ರ ತಿದ್ದುಪಡಿ. ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಜಾರಿಗೆ ಬಂದ ಇದರಿಂದ ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರ ಅರ್ಜಿಗಳನ್ನು ಇತ್ಯರ್ಥಗೊಳಿಸಲು ಭೂ ನ್ಯಾಯಮಂಡಳಿಗಳು ರಚನೆಯಾದವು. ಕರಾವಳಿಯ ಅಸಂಖ್ಯ ಕ್ರೈಸ್ತ ಒಕ್ಕಲುಗಳು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಗೇಣಿಗೆ ಕೊಟ್ಟಿದ್ದ ಕ್ರೈಸ್ತ ಧಣಿಗಳು ಭೂಮಿ ಕಳೆದುಕೊಂಡರು. ಮುಡಿಗಳು ಮನೆಯಲ್ಲೇ ಉಳಿಯುವಂತಾದುದರಿಂದ ಮಕ್ಕಳ ಓದಿಗೆ ಹಣ ಒದಗಿತು. ಓದಿದ ಮಕ್ಕಳು ಮುಂಬಯಿ, ಗಲ್ಫ್ ದೇಶಗಳಿಗೆ ತೆರಳಿದರು. ಗೇಣಿಯಿಂದ ಬಿಡುಗಡೆ ಪಡೆದ ಗದ್ದೆಯನ್ನು ಒಂದೇ ತಲೆಮಾರಿನಲ್ಲಿ ಉಳುವವರಿಲ್ಲದಂತಾಯಿತು.

ಅನೇಕ ಗದ್ದೆಗಳು ಅಡಕೆ, ತೆಂಗಿನ ತೋಟಗಳಾದವು, ಕೆಲವು ಮನೆ ನಿವೇಶನಗಳಾದವು, ಉಳಿದವು ಹಡಿಲು ಬಿದ್ದವು. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತ ಕ್ರೈಸ್ತ ಕುಟುಂಬಗಳು ಮಲ್ಲಿಗೆಯನ್ನು ನೆಚ್ಚಿಕೊಂಡಿವೆ. 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದು ಅದರ ಲೆಕ್ಕ. ಹಿಂದೂಗಳ ಮದುವೆ ಮತ್ತು ದೇವಸ್ಥಾನದ ಉತ್ಸವಗಳ ಕಾಲದಲ್ಲಿ ಅಟ್ಟೆಯ ದರ ಏರುವುದರಿಂದ ಈ ಮನೆಗಳ ಆದಾಯ ಈಗ ಮೂರನೆಯದೊಂದು ಪಂಚಾಂಗವನ್ನೂ ಅವಲಂಬಿಸಿದೆ.

ಮೊಂತಿ ಫೆಸ್ತಿನ ತೆನೆಯನ್ನು ಹಲವು ಕಡೆ ಗದ್ದೆ ಉಳಿಸಿಕೊಂಡಿರುವ ಒಂದೆರಡು ಕುಟುಂಬಗಳು ಇಡೀ ಚರ್ಚಿಗೆ ಒದಗಿಸುತ್ತವೆ. ಅಂಥವರೂ ಇಲ್ಲದೆಡೆ ಬೇರೆ ಊರಿನಿಂದ ತರಿಸಲಾಗುತ್ತದೆ. ಮಳೆ ತಡವಾಗಿ ನಾಟಿ ಹಿಂದೆ ಬಿದ್ದ ವರ್ಷಗಳಲ್ಲಿ ಸೆಪ್ಟೆಂಬರ್ 8ಕ್ಕೆ ತೆನೆ ಹೊರಡುವುದೇ ಕಷ್ಟ. ಹಿಂದೆ ಮನೆಗೊಂದು ಹಿಡಿ ದೊರೆಯುತ್ತಿದ್ದಲ್ಲಿ ಈಗ ಒಂದೆರಡು ತೆನೆಗಳನ್ನಷ್ಟೇ ಕೊಡುವುದು ಸಾಮಾನ್ಯವಾಗಿದ್ದು, ಅದರ ಕಾಳುಗಳನ್ನೇ ಎಣಿಸಿ ಮನೆಯಲ್ಲಿರುವವರಿಗೂ ಅಂಚೆಯಲ್ಲಿ ಹೋಗಬೇಕಾದವರಿಗೂ ಪಾಲು ಮಾಡಲಾಗುತ್ತದೆ.